ಕೂಸು ಹುಟ್ಟುವ ಮುನ್ನ ಕುಲಾವಿ

2024ರ ನವೆಂಬರ್ 5ರಂದು ಅಮೆರಿಕದಲ್ಲಿ ಅಧ್ಯಕ್ಷೀಯ ಚುನಾವಣೆ ನಡೆಯಿತು. ಡೊನಾಲ್ಡ್ ಟ್ರಂಪ್ ಗೆದ್ದರು. ಅವರ ಪ್ರಮಾಣವಚನಕ್ಕೆ ಇನ್ನೂ ಎರಡು ತಿಂಗಳಿಗೂ ಹೆಚ್ಚು ಸಮಯವಿತ್ತು. ಅಷ್ಟರಲ್ಲೇ ಅಲ್ಲಿನ ಪತ್ರಿಕೆಗಳಲ್ಲಿ, ಟಿವಿ ಚರ್ಚೆಗಳಲ್ಲಿ ಇನ್ನೊಂದು ಪ್ರಶ್ನೆ ಎದ್ದಿತ್ತು: 2028ಕ್ಕೆ ಯಾರು? ಎರಡೂ ಪಕ್ಷಗಳಿಂದ ಹತ್ತಾರು ಹೆಸರುಗಳ ಪಟ್ಟಿಗಳು ಬಂದವು. ಯಾರು ಮುಂದಿದ್ದಾರೆ, ಯಾರು ಹಿಂದಿದ್ದಾರೆ, ಯಾರ ಮೇಲೆ ಕಣ್ಣಿಡಬೇಕು ಎಂಬ ಲೆಕ್ಕ ಶುರುವಾಯಿತು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವುದು ಎಂದರೆ ಇದೇ.

ಇಂಥ ಪಟ್ಟಿಗಳನ್ನು ನಾನು ಮೊದಲೆಲ್ಲ ಓದುತ್ತಲೇ ಇರಲಿಲ್ಲ. ನಾಳೆ ಸುಳ್ಳಾಗುವ ಮಾತಿಗೆ ಇಂದು ಸಮಯ ಯಾಕೆ ಹಾಳು ಮಾಡಬೇಕು ಎಂಬ ಧೋರಣೆ ನನ್ನದು. ಅದು ಬದಲಾಗಿದ್ದು ಸಂಶೋಧನೆಗಾಗಿ ಹಳೆಯ ಪತ್ರಿಕೆಗಳನ್ನು ಓದಲು ಕುಳಿತ ಮೇಲೆ. ಪ್ರಬಂಧದ ಮೊದಲ ಅಧ್ಯಾಯದ ಕರಡಿನಲ್ಲಿ ಒಂದು ಘಟನೆಯ ಬಗ್ಗೆ 'ಇದು ಅನಿವಾರ್ಯವಾಗಿತ್ತು' ಎಂದು ಬರೆದಿದ್ದೆ. ನನ್ನ ಮಾರ್ಗದರ್ಶಕರು ಆ ಪದದ ಸುತ್ತ ಪೆನ್ಸಿಲ್ಲಿನಲ್ಲಿ ಗೆರೆ ಎಳೆದು, ಪಕ್ಕದ ಅಂಚಿನಲ್ಲಿ ಎರಡೇ ಪದ ಬರೆದು ಕಳಿಸಿದರು: 'ಯಾರಿಗೆ ಗೊತ್ತಿತ್ತು?'

ಚರಿತ್ರೆಯ ವಿದ್ಯಾರ್ಥಿಗೆ ಇದಕ್ಕಿಂತ ಇಕ್ಕಟ್ಟಿನ ಪ್ರಶ್ನೆ ಇನ್ನೊಂದಿಲ್ಲ. ಕಥೆಯ ಕೊನೆ ನಮಗೆ ಗೊತ್ತಿರುತ್ತದೆ. ಅದರೊಳಗೆ ಬದುಕಿದ್ದವರಿಗೆ ಗೊತ್ತಿರುವುದಿಲ್ಲ. ಅವರಿಗೆ ಏನು ಕಾಣುತ್ತಿತ್ತು ಎಂದು ತಿಳಿಯುವುದು ಹೇಗೆ? ಅದಕ್ಕೊಂದು ದಾರಿ ಅವರು ಮಾಡಿಟ್ಟ ಊಹೆಗಳನ್ನು ಓದುವುದು. ಮುಖ್ಯವಾಗಿ, ತಪ್ಪಿಹೋದ ಊಹೆಗಳನ್ನು.

*

1860ರ ಮೇ 12ರ 'ಹಾರ್ಪರ್ಸ್ ವೀಕ್ಲಿ' ಸಂಚಿಕೆಯಲ್ಲಿ ಎರಡು ಪುಟಗಳನ್ನು ತುಂಬಿಕೊಂಡ ಒಂದು ಮರದಚ್ಚಿನ ಚಿತ್ರವಿದೆ. ಆ ವಾರ ಶಿಕಾಗೋದಲ್ಲಿ ರಿಪಬ್ಲಿಕನ್ ಪಕ್ಷದ ಅಧಿವೇಶನ ಸೇರಲಿತ್ತು. ಅಲ್ಲಿ ಅಧ್ಯಕ್ಷ ಸ್ಥಾನದ ಉಮೇದುವಾರಿಕೆ ಬಯಸುವ ಪ್ರಮುಖರು ಯಾರು ಎಂದು ತೋರಿಸುವ ಚಿತ್ರ ಅದು. ಒಟ್ಟು ಹನ್ನೊಂದು ಮುಖಗಳು. ನಡುವೆ ಎಲ್ಲರಿಗಿಂತ ದೊಡ್ಡದಾಗಿ ನ್ಯೂಯಾರ್ಕಿನ ಸೆನೆಟರ್ ವಿಲಿಯಂ ಸೀವರ್ಡ್. ಸುತ್ತ ಉಳಿದ ಹತ್ತು ಮಂದಿ ಚಿಕ್ಕದಾಗಿ. ಆ ಹತ್ತರಲ್ಲಿ ಗಡ್ಡವಿಲ್ಲದ, ಕೆನ್ನೆ ಒಳಸೇರಿದ ಒಬ್ಬ ವಕೀಲನ ಮುಖವೂ ಇದೆ. ಇಲಿನಾಯ್ ರಾಜ್ಯದ ಅಬ್ರಹಾಂ ಲಿಂಕನ್.

ಇಂದು ಆ ಚಿತ್ರ ನೋಡುವವರ ಕಣ್ಣು ಮೊದಲು ಹುಡುಕುವುದು ಲಿಂಕನ್ನರನ್ನು. ಅಂದಿನ ಓದುಗನ ಕಣ್ಣು ನಡುವಿನ ಮುಖದ ಮೇಲೆ ನಿಂತಿರಬೇಕು. ಚಿತ್ರವನ್ನು ರಚಿಸಿದ್ದೇ ಹಾಗೆ.

ಹನ್ನೊಂದರಲ್ಲಿ ಒಬ್ಬರಾಗಿ ಬಂದದ್ದೂ ಲಿಂಕನ್ನರಿಗೆ ಮೇಲೇರಿದಂತೆಯೇ ಸರಿ. ಅದರ ಹಿಂದಿನ ವರ್ಷ, 1859ರಲ್ಲಿ, ಡಿ. ಡಬ್ಲ್ಯೂ. ಬಾರ್ಟ್ಲೆಟ್ ಎಂಬ ಪತ್ರಕರ್ತ 'ಪ್ರೆಸಿಡೆನ್ಶಿಯಲ್ ಕ್ಯಾಂಡಿಡೇಟ್ಸ್' ಎಂಬ ಪುಸ್ತಕವನ್ನೇ ಹೊರತಂದಿದ್ದರು. 1860ಕ್ಕೆ ಅಧ್ಯಕ್ಷರಾಗಬಹುದಾದ ಸುಮಾರು ಇಪ್ಪತ್ತು ಮಂದಿಯ ಕಿರುಪರಿಚಯಗಳ ಸಂಗ್ರಹ ಅದು. ಉತ್ತರದವರು, ದಕ್ಷಿಣದವರು, ಗುಲಾಮಗಿರಿಯ ಪರ ಇದ್ದವರು, ವಿರುದ್ಧ ಇದ್ದವರು, ಮುಂದೆ ದಕ್ಷಿಣದ ಬಂಡಾಯ ಸರ್ಕಾರದ ಮುಖ್ಯಸ್ಥರಾದ ಜೆಫರ್ಸನ್ ಡೇವಿಸ್ ಕೂಡ ಅದರಲ್ಲಿದ್ದಾರೆ. ಲಿಂಕನ್ ಇಲ್ಲ.

ಬಾರ್ಟ್ಲೆಟ್‌ರನ್ನು ನೋಡಿ ನಗುವುದು ಸುಲಭ. ಆದರೆ 1859ರಲ್ಲಿ ನಿಂತು ನೋಡಿದರೆ ಅವರ ಲೆಕ್ಕದಲ್ಲಿ ತಪ್ಪೇನೂ ಕಾಣುವುದಿಲ್ಲ. ಲಿಂಕನ್ ಒಂದೇ ಒಂದು ಅವಧಿಗೆ ಸಂಸತ್ತಿನ ಕೆಳಮನೆಯ ಸದಸ್ಯರಾಗಿದ್ದರು, ಅದೂ ಹತ್ತು ವರ್ಷ ಹಿಂದೆ. 1858ರಲ್ಲಿ ಸ್ಟೀಫನ್ ಡಗ್ಲಾಸ್ ವಿರುದ್ಧ ಸೆನೆಟ್ ಸ್ಥಾನಕ್ಕೆ ಸೆಣಸಿ ಸೋತಿದ್ದರು. ಆ ಸೆಣಸಾಟದ ಭಾಷಣಗಳಿಂದ ಹೆಸರು ಬಂದಿತ್ತು ನಿಜ, ಸ್ಥಾನ ಬಂದಿರಲಿಲ್ಲ. 1856ರ ಪಕ್ಷದ ಅಧಿವೇಶನದಲ್ಲಿ ಉಪಾಧ್ಯಕ್ಷ ಸ್ಥಾನಕ್ಕೆ ಅವರ ಹೆಸರು ಬಂದು 110 ಮತ ಬಿದ್ದಿತ್ತು. ಹೀಗಾಗಿ ಅವರನ್ನು ನೆನೆಯುತ್ತಿದ್ದವರಲ್ಲೂ ಅನೇಕರು ಉಪಾಧ್ಯಕ್ಷ ಸ್ಥಾನಕ್ಕಾದರೆ ಸರಿ ಎನ್ನುತ್ತಿದ್ದರು. ಸ್ವತಃ ಲಿಂಕನ್ 1859ರ ಏಪ್ರಿಲ್‌ನಲ್ಲಿ ಒಬ್ಬ ಪತ್ರಿಕಾ ಸಂಪಾದಕರಿಗೆ ಬರೆದ ಕಾಗದದಲ್ಲಿ ತಾನು ಅಧ್ಯಕ್ಷ ಪದವಿಗೆ ತಕ್ಕವನಲ್ಲ ಎಂದಿದ್ದರು. ರಾಜಕಾರಣಿಯ ವಿನಯವನ್ನು ಪೂರ್ತಿ ನಂಬಬೇಕಾಗಿಲ್ಲ. ಆದರೆ ಹಾಗೆ ಹೇಳಿದವರನ್ನು ಬಿಟ್ಟು ಪುಸ್ತಕ ಬರೆದವರನ್ನು ಹಳಿಯಲೂ ಆಗದು.

ಇನ್ನು ಸೀವರ್ಡ್. ನ್ಯೂಯಾರ್ಕಿನ ಗವರ್ನರ್ ಆಗಿದ್ದವರು, 1849ರಿಂದ ಸೆನೆಟರ್, ಗುಲಾಮಗಿರಿ ವಿರೋಧಿ ರಾಜಕಾರಣದ ದೊಡ್ಡ ದನಿ. ಬೆನ್ನಿಗೆ ಥರ್ಲೋ ವೀಡ್ ಎಂಬ ನಿಪುಣ ಪತ್ರಿಕೋದ್ಯಮಿ, ತಂತ್ರಗಾರ. ಹಣಕ್ಕೆ ಕೊರತೆಯಿಲ್ಲ. ಗೆಲುವು ಎಷ್ಟು ಖಾತರಿ ಎನಿಸಿತ್ತೆಂದರೆ 1859ರಲ್ಲಿ ಸೀವರ್ಡ್ ಯೂರೋಪು, ಪಶ್ಚಿಮ ಏಷ್ಯಾಗಳ ಕಡೆ ಎಂಟು ತಿಂಗಳ ದೀರ್ಘ ಪ್ರವಾಸ ಹೊರಟುಹೋದರು. ಊರಲ್ಲಿದ್ದರೆ ಏನಾದರೂ ಮಾತಾಡಿ ಎಡವಟ್ಟಾಗಬಹುದು, ದೂರವಿದ್ದರೆ ಕ್ಷೇಮ ಎಂಬುದು ವೀಡ್‌ರ ಲೆಕ್ಕಾಚಾರ. ಮುಂಚೂಣಿಯಲ್ಲಿರುವವನಿಗೆ ಬರುವ ಮೊದಲ ಕಾಯಿಲೆ ಇದು: ಗೆಲ್ಲುವುದನ್ನು ಬಿಟ್ಟು, ಸೋಲದಿರುವುದನ್ನೇ ಯೋಚಿಸುವುದು.

ಅವರಿಲ್ಲದ ಆ ತಿಂಗಳುಗಳಲ್ಲಿ ಲಿಂಕನ್ ಒಂದು ರಾಜ್ಯದಿಂದ ಇನ್ನೊಂದಕ್ಕೆ ಓಡಾಡಿ ಭಾಷಣ ಮಾಡಿದರು. 1860ರ ಫೆಬ್ರುವರಿ 27ರಂದು ಸೀವರ್ಡ್ ಅವರದೇ ರಾಜ್ಯದ ನ್ಯೂಯಾರ್ಕ್ ನಗರದಲ್ಲಿ, ಕೂಪರ್ ಯೂನಿಯನ್ ಸಭಾಂಗಣದಲ್ಲಿ, ಗುಲಾಮಗಿರಿಯ ವಿಸ್ತರಣೆಯ ವಿರುದ್ಧ ದಾಖಲೆಗಳ ಸಮೇತ ವಾದ ಮಂಡಿಸಿದರು. ಮಾರ್ಚ್‌ನಲ್ಲಿ ಒಬ್ಬ ಬೆಂಬಲಿಗರಿಗೆ ಕಾಗದ ಬರೆದು ತಮ್ಮ ತಂತ್ರವನ್ನೂ ವಿವರಿಸಿದರು. ಬಹಳ ಜನರಿಗೆ ತಾನು ಮೊದಲ ಆಯ್ಕೆಯಲ್ಲ. ಆದ್ದರಿಂದ ಯಾರ ಮನಸ್ಸನ್ನೂ ನೋಯಿಸದೆ, ಅವರು ತಮ್ಮ ಮೊದಲ ಆಯ್ಕೆಯನ್ನು ಕೈಬಿಡಬೇಕಾಗಿ ಬಂದಾಗ ತನ್ನ ಕಡೆ ಬರುವಂತೆ ಇಟ್ಟುಕೊಳ್ಳಬೇಕು ಎಂಬುದು ಅದರ ಸಾರ. ಪಟ್ಟಿಯಲ್ಲಿ ತನ್ನ ಹೆಸರು ಎಲ್ಲಿದೆ ಎಂಬುದನ್ನು ಅವರು ಪಟ್ಟಿ ಮಾಡಿದವರಿಗಿಂತ ಚೆನ್ನಾಗಿ ಓದಿಕೊಂಡಿದ್ದರು.

*

ಶಿಕಾಗೋದಲ್ಲಿ ಈ ಅಧಿವೇಶನಕ್ಕೆಂದೇ ಕಟ್ಟಿದ 'ವಿಗ್‌ವ್ಯಾಂ' ಎಂಬ ಮರದ ಸಭಾಂಗಣದಲ್ಲಿ ಮೇ 16ರಂದು ಪ್ರತಿನಿಧಿಗಳು ಸೇರಿದರು. ಅಲ್ಲಿ ಒಂದಕ್ಕೊಂದು ಎದುರಾದದ್ದು ಎರಡು ಭವಿಷ್ಯಗಳು. ಒಂದು: ಸೀವರ್ಡ್ ಅವರೇ ಅಭ್ಯರ್ಥಿಯಾಗುತ್ತಾರೆ. ಇನ್ನೊಂದು: ಸೀವರ್ಡ್ ಅಭ್ಯರ್ಥಿಯಾದರೆ ನವೆಂಬರ್‌ನಲ್ಲಿ ಪಕ್ಷ ಸೋಲುತ್ತದೆ.

ಎರಡನೆಯದಕ್ಕೆ ಗಟ್ಟಿ ಆಧಾರವಿತ್ತು. 1856ರಲ್ಲಿ ಪಕ್ಷವು ಪೆನ್ಸಿಲ್ವೇನಿಯ, ಇಂಡಿಯಾನ, ಇಲಿನಾಯ್ ರಾಜ್ಯಗಳನ್ನು ಕಳೆದುಕೊಂಡು ಸೋತಿತ್ತು. ಈ ಸಲ ಅವುಗಳನ್ನು ಗೆಲ್ಲದೆ ಗತಿಯಿರಲಿಲ್ಲ. ಗುಲಾಮಗಿರಿಯ ಪರ ಮತ್ತು ವಿರುದ್ಧದ ವ್ಯವಸ್ಥೆಗಳ ನಡುವೆ ತಡೆಯಲಾಗದ ಸಂಘರ್ಷ ನಡೆದಿದೆ ಎಂದು 1858ರಲ್ಲಿ ಸೀವರ್ಡ್ ಮಾಡಿದ ಭಾಷಣ ಅವರನ್ನು ತೀವ್ರಗಾಮಿಯಂತೆ ಕಾಣಿಸಿತ್ತು. ಗವರ್ನರ್ ಆಗಿದ್ದಾಗ ಕ್ಯಾಥೊಲಿಕ್ ವಲಸಿಗರ ಮಕ್ಕಳ ಶಾಲೆಗಳ ಪರ ನಿಂತದ್ದು ವಲಸೆ ವಿರೋಧಿಗಳಿಗೆ ಮರೆತಿರಲಿಲ್ಲ. ಪೆನ್ಸಿಲ್ವೇನಿಯದ ಗವರ್ನರ್ ಹುದ್ದೆಗೆ ನಿಂತಿದ್ದ ಆಂಡ್ರೂ ಕರ್ಟಿನ್, ಇಂಡಿಯಾನದ ಹೆನ್ರಿ ಲೇನ್ ಇಬ್ಬರೂ ಪ್ರತಿನಿಧಿಗಳ ಕೋಣೆಯಿಂದ ಕೋಣೆಗೆ ಹೋಗಿ, ಸೀವರ್ಡ್ ಬಂದರೆ ನಮ್ಮ ರಾಜ್ಯಗಳಲ್ಲಿ ಪಕ್ಷ ಮುಳುಗುತ್ತದೆ ಎಂದು ಹೇಳುತ್ತ ತಿರುಗಿದರು. 'ನ್ಯೂಯಾರ್ಕ್ ಟ್ರಿಬ್ಯೂನ್' ಸಂಪಾದಕ ಹೊರೇಸ್ ಗ್ರೀಲಿ ಹಿಂದೆ ಸೀವರ್ಡ್ ಅವರ ಗೆಳೆಯರು, ಈಗ ಮುನಿದವರು. ಅವರೂ ಅದೇ ಕೆಲಸ ಮಾಡಿದರು.

ಆದರೂ ಮತದಾನದ ಹಿಂದಿನ ರಾತ್ರಿ, ಮೇ 17ರಂದು, ಗ್ರೀಲಿ ತಮ್ಮ ಪತ್ರಿಕೆಗೆ ಕಳಿಸಿದ ತಂತಿ ಸುದ್ದಿ ಏನು ಹೇಳಿತು ಗೊತ್ತೆ? ವಿರೋಧಿಗಳು ಒಬ್ಬ ಅಭ್ಯರ್ಥಿಯ ಮೇಲೆ ಒಂದಾಗುವಂತೆ ಕಾಣುತ್ತಿಲ್ಲ, ಸೀವರ್ಡ್ ಅವರೇ ಆಯ್ಕೆಯಾಗುತ್ತಾರೆ ಎಂದು. ಸೀವರ್ಡ್‌ರನ್ನು ಕೆಡವಲು ಓಡಾಡುತ್ತಿದ್ದ ಮನುಷ್ಯನಿಗೇ, ಹನ್ನೆರಡು ತಾಸು ಮುಂಚೆಯೂ, ಅವರು ಬೀಳುತ್ತಾರೆ ಎಂದು ಗೊತ್ತಿರಲಿಲ್ಲ. 'ಯಾರಿಗೆ ಗೊತ್ತಿತ್ತು?' ಎಂಬ ಪ್ರಶ್ನೆಗೆ ನಾನು ಕಂಡ ಉತ್ತರಗಳಲ್ಲಿ ಇದು ಅತ್ಯಂತ ಪ್ರಾಮಾಣಿಕವಾದದ್ದು.

ಆ ರಾತ್ರಿ ಲಿಂಕನ್ ಬಳಗ ನಿದ್ದೆ ಮಾಡಲಿಲ್ಲ. ಅಧಿವೇಶನವನ್ನು ಇಲಿನಾಯ್ ರಾಜ್ಯದ ಶಿಕಾಗೋಗೆ ತಂದುಕೊಂಡದ್ದೇ ಅವರಿಗೆ ಮೊದಲ ಲಾಭವಾಗಿತ್ತು. ಸಭಾಂಗಣದಲ್ಲಿ ಯಾವ ರಾಜ್ಯದವರು ಎಲ್ಲಿ ಕೂರಬೇಕೆಂದು ನಿರ್ಧರಿಸಿದ ನಾರ್ಮನ್ ಜಡ್ ಲಿಂಕನ್ ಕಡೆಯವರು. ನ್ಯೂಯಾರ್ಕಿನವರನ್ನು ಅವರು, ಮನಸ್ಸು ಬದಲಿಸಬಹುದಾದ ಪೆನ್ಸಿಲ್ವೇನಿಯದವರಿಂದ ದೂರ ಕೂರಿಸಿದ್ದರು. ಮರುದಿನ ಬೆಳಿಗ್ಗೆ ಸೀವರ್ಡ್ ಬೆಂಬಲಿಗರು ವಾದ್ಯಮೇಳದೊಂದಿಗೆ ಬೀದಿಯಲ್ಲಿ ಮೆರವಣಿಗೆ ಹೊರಟಿದ್ದರೆ, ಇತ್ತ ಲಿಂಕನ್ ಕಡೆಯವರು ಹೆಚ್ಚುವರಿ ಟಿಕೆಟ್ ಅಚ್ಚು ಹಾಕಿಸಿ ತಮ್ಮವರನ್ನು ಮೊದಲೇ ಒಳಗೆ ತುಂಬಿಸಿದ್ದರು. ಮೆರವಣಿಗೆ ಮುಗಿಸಿ ಬಂದವರಲ್ಲಿ ಬಹಳಷ್ಟು ಮಂದಿಗೆ ಒಳಗೆ ಜಾಗ ಸಿಗಲಿಲ್ಲ.

ಗೆಲ್ಲಲು 233 ಮತ ಬೇಕು. ಮೊದಲ ಸುತ್ತಿನಲ್ಲಿ ಸೀವರ್ಡ್ ಅವರಿಗೆ 173½, ಲಿಂಕನ್ನರಿಗೆ 102. ಎರಡನೆಯ ಸುತ್ತಿನಲ್ಲಿ 184½ ಮತ್ತು 181. ಮೂರನೆಯ ಸುತ್ತಿನಲ್ಲಿ ಲಿಂಕನ್ 231½ಕ್ಕೆ ಬಂದು ನಿಂತರು. ಒಂದೂವರೆ ಮತ ಸಾಲದು. ಆಗ ಓಹಾಯೊ ರಾಜ್ಯದ ಒಬ್ಬ ಪ್ರತಿನಿಧಿ ಎದ್ದು ತಮ್ಮ ನಾಲ್ಕು ಮತಗಳು ಲಿಂಕನ್ನರಿಗೆ ಎಂದರು.

ಅಷ್ಟು ಹೊತ್ತಿಗೆ ನ್ಯೂಯಾರ್ಕ್ ರಾಜ್ಯದ ಆಬರ್ನ್ ಎಂಬ ಊರಿನಲ್ಲಿ ಸೀವರ್ಡ್ ತಮ್ಮ ಮನೆಯಂಗಳದಲ್ಲಿ ಸ್ನೇಹಿತರೊಂದಿಗೆ ಕಾಯುತ್ತಿದ್ದರು. ಗೆಲುವಿನ ಸುದ್ದಿ ಬಂದ ಕೂಡಲೇ ಹಾರಿಸಲು ಒಂದು ಫಿರಂಗಿಯನ್ನು ಸಿದ್ಧಮಾಡಿ ಇಡಲಾಗಿತ್ತು. ಅದು ಹಾರಲಿಲ್ಲ.

*

ಈ ಕಥೆಯನ್ನು 'ಎಲ್ಲ ಭವಿಷ್ಯವೂ ಸುಳ್ಳು' ಎಂಬ ನೀತಿಯಲ್ಲಿ ಮುಗಿಸಿಬಿಡಬಹುದು. ನನಗೆ ಅದು ಸಾಲದು ಅನಿಸುತ್ತದೆ. ಬಾರ್ಟ್ಲೆಟ್ ಪುಸ್ತಕ, ಹಾರ್ಪರ್ಸ್ ಚಿತ್ರ ಇವೆರಡೂ ಮುಂದಿನ ದಿನಗಳ ಬಗ್ಗೆ ತಪ್ಪು ಹೇಳಿದವು, ತಮ್ಮ ದಿನಗಳ ಬಗ್ಗೆ ಸರಿಯಾಗಿಯೇ ಹೇಳಿದವು. 1859ರಲ್ಲಿ ಅಧ್ಯಕ್ಷನಾಗುವವನು ಹೇಗಿರಬೇಕು ಎಂಬ ಕಲ್ಪನೆ ಅವುಗಳಲ್ಲಿ ಅಚ್ಚಾಗಿದೆ: ಸೆನೆಟರ್ ಆಗಿರಬೇಕು, ಗವರ್ನರ್ ಆಗಿರಬೇಕು, ಇಲ್ಲವೇ ನ್ಯಾಯಾಧೀಶನೋ ಸೇನಾನಿಯೋ ಆಗಿರಬೇಕು. ಎಲ್ಲರೂ ಬಿಳಿಯರು, ಎಲ್ಲರೂ ಗಂಡಸರು. ಆ ಹೊತ್ತಿಗೆ ಅಮೆರಿಕದಲ್ಲಿ ಸುಮಾರು 40 ಲಕ್ಷ ಜನ ಗುಲಾಮಗಿರಿಯಲ್ಲಿದ್ದರು. ಇಡೀ ಚುನಾವಣೆ ನಡೆದದ್ದು ಅವರ ಬದುಕಿನ ಪ್ರಶ್ನೆಯ ಮೇಲೆ. ಅವರಲ್ಲಿ ಯಾರಿಗೂ ಮತವಿರಲಿಲ್ಲ, ಹೆಸರು ಪಟ್ಟಿಯಲ್ಲಿ ಬರುವ ಮಾತಂತೂ ದೂರ. ಪಟ್ಟಿಯನ್ನು ಓದುವಾಗ ಅದರಲ್ಲಿ ಇರುವವರಷ್ಟೇ, ಇರಲು ಸಾಧ್ಯವೇ ಇಲ್ಲದವರೂ ಕಾಣಬೇಕು.

ಈ ಪಟ್ಟಿಗಳಿಗೆ ವಿಜ್ಞಾನದ ವೇಷ ಬಂದದ್ದು 1935ರ ನಂತರ. ಆ ವರ್ಷ ಜಾರ್ಜ್ ಗ್ಯಾಲಪ್ ತಮ್ಮ ಜನಾಭಿಪ್ರಾಯ ಸಂಸ್ಥೆ ತೆರೆದರು. ಅಲ್ಲಿಂದ ಊಹೆಗೆ ಶೇಕಡಾವಾರು ಅಂಕಿ ಸಿಕ್ಕಿತು. ಅಂಕಿ ಸುಳ್ಳಾಗಿರಲಿಲ್ಲ. ಆದರೆ ಅದು ಅಂದಿನ ಮನಸ್ಸಿನ ಚಿತ್ರ ಮಾತ್ರ ಎಂಬುದನ್ನು ಓದುವವರು ಮರೆಯುತ್ತಿದ್ದರು. 1940ರ ವಸಂತದಲ್ಲಿ ರಿಪಬ್ಲಿಕನ್ನರ ನಡುವೆ ಥಾಮಸ್ ಡ್ಯೂಯಿ ಉಳಿದೆಲ್ಲರಿಗಿಂತ ಬಹಳ ಮುಂದಿದ್ದರು. 38 ವರ್ಷದ ಡ್ಯೂಯಿ ನ್ಯೂಯಾರ್ಕಿನ ಗ್ಯಾಂಗ್‌ಸ್ಟರ್‌ಗಳನ್ನು ಜೈಲಿಗಟ್ಟಿದ ಸರ್ಕಾರಿ ವಕೀಲ. ವೆಂಡೆಲ್ ವಿಲ್ಕಿ ಎಂಬ ವಿದ್ಯುತ್ ಕಂಪನಿಯ ಮುಖ್ಯಸ್ಥರ ಹೆಸರನ್ನು ಹೇಳುತ್ತಿದ್ದವರು ನೂರಕ್ಕೆ ಬೆರಳೆಣಿಕೆಯಷ್ಟು. ವಿಲ್ಕಿ ಯಾವ ಚುನಾಯಿತ ಹುದ್ದೆಯಲ್ಲೂ ಇದ್ದವರಲ್ಲ. ಸ್ವಲ್ಪ ದಿನ ಹಿಂದಿನವರೆಗೂ ಎದುರು ಪಕ್ಷದಲ್ಲಿದ್ದವರು.

ಮೇ 10ರಂದು ಹಿಟ್ಲರನ ಸೇನೆ ಪಶ್ಚಿಮಕ್ಕೆ ನುಗ್ಗಿತು. ಜೂನ್ 14ರಂದು ಪ್ಯಾರಿಸ್ ಬಿತ್ತು. ಜೂನ್ 22ರಂದು ಫ್ರಾನ್ಸ್ ಶರಣಾಯಿತು. ಜೂನ್ 24ರಂದು ಫಿಲಡೆಲ್ಫಿಯದಲ್ಲಿ ರಿಪಬ್ಲಿಕನ್ ಅಧಿವೇಶನ ಆರಂಭವಾಯಿತು. ಗ್ಯಾಂಗ್‌ಸ್ಟರ್‌ಗಳನ್ನು ಹಿಡಿದ ಯುವಕ, ಯೂರೋಪಿನ ಗೋಜಿಗೆ ಹೋಗಬೇಡಿ ಎನ್ನುತ್ತಿದ್ದ ಸೆನೆಟರುಗಳು ಒಂದೂವರೆ ತಿಂಗಳಲ್ಲಿ ಹಳಬರಾಗಿಹೋದರು. ಬ್ರಿಟನ್ನಿಗೆ ನೆರವು ಕೊಡಬೇಕು ಎನ್ನುತ್ತಿದ್ದ ವಿಲ್ಕಿ ಆರನೆಯ ಸುತ್ತಿನಲ್ಲಿ ಗೆದ್ದರು. ನವೆಂಬರ್‌ನಲ್ಲಿ ರೂಸ್‌ವೆಲ್ಟ್ ಎದುರು ಸೋತರು, ಅದು ಬೇರೆ ಮಾತು. ಮಾರ್ಚ್‌ನಲ್ಲಿ ಸಮೀಕ್ಷೆಗೆ ಉತ್ತರಿಸಿದವರು ಸುಳ್ಳು ಹೇಳಿರಲಿಲ್ಲ. ಅವರು ಉತ್ತರಿಸಿದ್ದು ಮಾರ್ಚ್‌ನ ಪ್ರಶ್ನೆಗೆ. ಜೂನ್ ತಂದದ್ದು ಬೇರೆಯದೇ ಪ್ರಶ್ನೆಯನ್ನು. ಮುಂಚಿನ ಊಹೆ ತಪ್ಪುವುದು ಹೆಚ್ಚಾಗಿ ಇಲ್ಲೇ. ಉತ್ತರಗಳ ಪಟ್ಟಿ ಮಾಡುವವರು, ಪ್ರಶ್ನೆ ಬದಲಾಗುವುದಿಲ್ಲ ಎಂದುಕೊಂಡಿರುತ್ತಾರೆ.

*

1968ರವರೆಗೂ ಅಭ್ಯರ್ಥಿ ಯಾರೆಂಬುದನ್ನು ಬಹುಮಟ್ಟಿಗೆ ಪಕ್ಷದ ಧಣಿಗಳೇ ತೀರ್ಮಾನಿಸುತ್ತಿದ್ದರು. ಆ ವರ್ಷ ಹ್ಯೂಬರ್ಟ್ ಹಂಫ್ರಿ ಒಂದೂ ಪ್ರಾಥಮಿಕ ಚುನಾವಣೆಯಲ್ಲಿ ಸ್ಪರ್ಧಿಸದೆ ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿಯಾದರು. ಅದರಿಂದ ಎದ್ದ ರೊಚ್ಚಿನ ಫಲವಾಗಿ ಪಕ್ಷ ತನ್ನ ನಿಯಮ ಬದಲಿಸಿತು. ಪ್ರತಿನಿಧಿಗಳನ್ನು ಆರಿಸುವ ಅಧಿಕಾರ ರಾಜ್ಯ ರಾಜ್ಯಗಳ ಸಾಮಾನ್ಯ ಮತದಾರರ ಕೈಗೆ ಬಂತು. ಆ ಸುಧಾರಣಾ ಆಯೋಗದ ನೇತೃತ್ವ ವಹಿಸಿದ್ದ ಜಾರ್ಜ್ ಮೆಕ್‌ಗವರ್ನ್ ಅವರೇ 1972ರಲ್ಲಿ, ಎಲ್ಲರೂ ಮುಂಚೂಣಿ ಎನ್ನುತ್ತಿದ್ದ ಎಡ್ಮಂಡ್ ಮಸ್ಕಿಯವರನ್ನು ಹಿಂದಿಕ್ಕಿ ಅಭ್ಯರ್ಥಿಯಾದರು. ನಿಯಮ ಬರೆದವರಿಗೆ ನಿಯಮ ಗೊತ್ತಿತ್ತು. ಪಟ್ಟಿ ಬರೆದವರಿಗೆ ಗೊತ್ತಿರಲಿಲ್ಲ.

ಅದೇ 1972ರ ಜನವರಿಯಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಿಂದ ಷರ್ಲಿ ಚಿಸಮ್ ತಾವೂ ಅಭ್ಯರ್ಥಿ ಎಂದು ಘೋಷಿಸಿದರು. ಅಮೆರಿಕದ ಸಂಸತ್ತಿಗೆ ಆಯ್ಕೆಯಾದ ಮೊದಲ ಕಪ್ಪು ಮಹಿಳೆ ಅವರು. ಗಂಭೀರ ಆಕಾಂಕ್ಷಿಗಳ ಸಾಲಿನಲ್ಲಿ ಅವರನ್ನು ಇಟ್ಟು ನೋಡಿದ ಪಂಡಿತರು ಕಡಿಮೆ. ಅಧಿವೇಶನದಲ್ಲಿ ಅವರಿಗೆ 150ಕ್ಕೂ ಹೆಚ್ಚು ಮತ ಬಿತ್ತು. ಅವರು ಗೆಲ್ಲುವುದಿಲ್ಲ ಎಂಬ ಊಹೆ ನಿಜವಾಯಿತು. ಆದರೆ ಆ ಊಹೆ ನಿಜವಾಗಲು ಊಹೆಯ ಪಾಲೆಷ್ಟು? 'ಗೆಲ್ಲುವವರಲ್ಲ' ಎಂದು ಮೊದಲೇ ಹೇಳಿದರೆ ಹಣ ಕೊಡುವವರು ಕೈ ಹಿಂದೆ ತೆಗೆಯುತ್ತಾರೆ, ವರದಿಗಾರರು ಬೇರೆ ಬಸ್ಸು ಹತ್ತುತ್ತಾರೆ, ಮತದಾರ ತನ್ನ ಮತ ಯಾಕೆ ಹಾಳು ಮಾಡಲಿ ಎಂದುಕೊಳ್ಳುತ್ತಾನೆ. ಹೀಗೆ ಭವಿಷ್ಯ ಹೇಳಿದವರೇ ಅದನ್ನು ನಿಜ ಮಾಡಿದ ಪಾಲುದಾರರೂ ಆಗಿಬಿಡುತ್ತಾರೆ.

ಮತದಾನಕ್ಕೆ ಮುಂಚಿನ ಈ ಕಾಣದ ಪಂದ್ಯಕ್ಕೆ ಆರ್ಥರ್ ಹ್ಯಾಡ್ಲಿ ಎಂಬ ಪತ್ರಕರ್ತ 1976ರಲ್ಲಿ ಹೆಸರೊಂದನ್ನು ಕೊಟ್ಟರು: ಅಗೋಚರ ಪ್ರಾಥಮಿಕ ಚುನಾವಣೆ. ಹಣ, ಪ್ರಚಾರ, ಪಕ್ಷದ ಹಿರಿಯರ ಒಲವು ಇವೆಲ್ಲ ಒಂದು ಹೆಸರಿನ ಸುತ್ತ ಮೊದಲೇ ಸೇರಿಕೊಳ್ಳುತ್ತವೆ ಎಂಬುದು ಅದರ ಅರ್ಥ. ಆ ಪುಸ್ತಕ ಬಂದ ವರ್ಷವೇ ಅದನ್ನು ಅಣಕಿಸುವಂತೆ ಜಿಮ್ಮಿ ಕಾರ್ಟರ್ ಬಂದರು. ಜಾರ್ಜಿಯ ರಾಜ್ಯದ ಗವರ್ನರ್ ಆಗಿದ್ದ ಅವರು 1974ರ ಡಿಸೆಂಬರ್‌ನಲ್ಲಿ ಸ್ಪರ್ಧೆ ಘೋಷಿಸಿದಾಗ ದೇಶದ ಪ್ರಶ್ನೆ ಒಂದೇ: ಯಾವ ಜಿಮ್ಮಿ? ತಾನು ಅಧ್ಯಕ್ಷ ಸ್ಥಾನಕ್ಕೆ ನಿಲ್ಲುತ್ತೇನೆಂದು ಹೇಳಿದಾಗ ಅವರ ತಾಯಿಯೇ 'ಯಾವುದರ ಅಧ್ಯಕ್ಷ?' ಎಂದು ಕೇಳಿದರೆಂಬ ಕಥೆ ಈಗಲೂ ಚಾಲ್ತಿಯಲ್ಲಿದೆ. ಕಾರ್ಟರ್ ಒಂದು ವರ್ಷ ಅಯೋವ ರಾಜ್ಯದ ಸಣ್ಣ ಊರುಗಳಲ್ಲಿ ಮನೆ ಮನೆ ಸುತ್ತಿದರು. 1976ರ ಜನವರಿಯಲ್ಲಿ ಅಲ್ಲಿ 'ಯಾರಿಗೂ ಅಲ್ಲ, ಇನ್ನೂ ತೀರ್ಮಾನಿಸಿಲ್ಲ' ಎಂದವರೇ ಶೇ 37. ಕಾರ್ಟರ್ ಅವರಿಗೆ ಸುಮಾರು ಶೇ 28. ಆದರೂ ಮರುದಿನದ ಸುದ್ದಿ: ಕಾರ್ಟರ್ ಗೆದ್ದರು. ಒಂದು ವರ್ಷದ ನಂತರ ಅವರು ಶ್ವೇತಭವನದಲ್ಲಿದ್ದರು.

ಮುಂದಿನ ದಶಕಗಳದ್ದು ಇದೇ ರಾಗ. 1991ರಲ್ಲಿ ಕೊಲ್ಲಿ ಯುದ್ಧ ಗೆದ್ದ ಜಾರ್ಜ್ ಬುಷ್ ಅವರ ಜನಪ್ರಿಯತೆ ಗ್ಯಾಲಪ್ ಸಮೀಕ್ಷೆಯಲ್ಲಿ ಶೇ 89ಕ್ಕೆ ಏರಿದಾಗ ಡೆಮಾಕ್ರಟರ ದೊಡ್ಡ ಹೆಸರುಗಳು ಒಂದೊಂದಾಗಿ ಹಿಂದೆ ಸರಿದವು. ಎಲ್ಲರೂ ಕಾಯುತ್ತಿದ್ದ ಮಾರಿಯೊ ಕ್ಯುಮೊ, ಡಿಸೆಂಬರ್ 20ರಂದು ವಿಮಾನ ಸಿದ್ಧವಾಗಿ ನಿಂತಿದ್ದರೂ ನಾಮಪತ್ರ ಸಲ್ಲಿಸಲು ಹೋಗಲಿಲ್ಲ. ಆ ತೆರವಾದ ಜಾಗದಲ್ಲಿ ಬಿಲ್ ಕ್ಲಿಂಟನ್ ಬಂದು ಗೆದ್ದರು. 2007ರುದ್ದಕ್ಕೂ ರಾಷ್ಟ್ರೀಯ ಸಮೀಕ್ಷೆಗಳು ಹಿಲರಿ ಕ್ಲಿಂಟನ್ ಮತ್ತು ರೂಡಿ ಜೂಲಿಯಾನಿ ಅವರನ್ನು ಮುಂದೆ ತೋರಿಸಿದವು. 2008ರ ನವೆಂಬರ್‌ನಲ್ಲಿ ಮತಪತ್ರದ ಮೇಲಿದ್ದದ್ದು ಬರಾಕ್ ಒಬಾಮ, ಜಾನ್ ಮೆಕೇನ್. 2015ರ ಮೊದಲ ಆರು ತಿಂಗಳಲ್ಲಿ ಜೆಬ್ ಬುಷ್ ಪರವಾಗಿ 10 ಕೋಟಿ ಡಾಲರ್‌ಗೂ ಹೆಚ್ಚು ಹಣ ಸಂಗ್ರಹವಾಯಿತು. ಅದೇ ಬೇಸಿಗೆಯಲ್ಲಿ 'ಹಫಿಂಗ್ಟನ್ ಪೋಸ್ಟ್' ಟ್ರಂಪ್ ಸುದ್ದಿಗಳನ್ನು ಇನ್ನು ಮನರಂಜನೆಯ ವಿಭಾಗದಲ್ಲಿ ಹಾಕುತ್ತೇವೆ ಎಂದು ಪ್ರಕಟಿಸಿತು. ಮುಂದಿನದು ನಮಗೆಲ್ಲ ಗೊತ್ತು.

*

ಇಷ್ಟಾದ ಮೇಲೆ, ಸರಿಯಾದ ಪಟ್ಟಿಯೇ ಇಲ್ಲವೇ ಎಂದು ನೀವು ಕೇಳಬಹುದು. ಒಂದು ಇದೆ. ಅದು ಅಮೆರಿಕದ ಪತ್ರಕರ್ತರೊಬ್ಬರು ಮಾಡಿದ್ದು, ಆದರೆ ನಮ್ಮ ದೇಶದ ಬಗ್ಗೆ. ಎನ್‌ಬಿಸಿ ಸುದ್ದಿಸಂಸ್ಥೆಗಾಗಿ ದೆಹಲಿಯಲ್ಲಿದ್ದ ವೆಲ್ಸ್ ಹ್ಯಾಂಗೆನ್ 1963ರಲ್ಲಿ 'ಆಫ್ಟರ್ ನೆಹರೂ, ಹೂ?' ಎಂಬ ಪುಸ್ತಕ ಪ್ರಕಟಿಸಿದರು. ನೆಹರೂ ನಂತರ ಯಾರು? ತಮ್ಮ ದೇಶದ ಅಧ್ಯಕ್ಷೀಯ ಪಟ್ಟಿಗಳ ಅಭ್ಯಾಸವನ್ನು ಅವರು ನಮ್ಮ ಪ್ರಧಾನಿ ಪಟ್ಟಕ್ಕೆ ಅನ್ವಯಿಸಿದ್ದರು. ಎಂಟು ಹೆಸರುಗಳು: ಮೊರಾರ್ಜಿ ದೇಸಾಯಿ, ಕೃಷ್ಣ ಮೆನನ್, ಲಾಲ್ ಬಹಾದ್ದೂರ್ ಶಾಸ್ತ್ರಿ, ವೈ. ಬಿ. ಚವಾಣ್, ಇಂದಿರಾ ಗಾಂಧಿ, ಜಯಪ್ರಕಾಶ ನಾರಾಯಣ, ಎಸ್. ಕೆ. ಪಾಟೀಲ್ ಮತ್ತು ಜನರಲ್ ಬಿ. ಎಂ. ಕೌಲ್. ಎಂಟರಲ್ಲಿ ಮೂವರು ಮುಂದೆ ಪ್ರಧಾನಿಯಾದರು: 1964ರಲ್ಲಿ ಶಾಸ್ತ್ರಿ, 1966ರಲ್ಲಿ ಇಂದಿರಾ, 1977ರಲ್ಲಿ ಮೊರಾರ್ಜಿ. ಪಟ್ಟಿ ಮಾಡುವವರ ಚರಿತ್ರೆಯಲ್ಲಿ ಇದು ಫಸ್ಟ್ ಕ್ಲಾಸ್ ಫಲಿತಾಂಶ.

ಆದರೂ ನನಗೆ ಅದರಲ್ಲಿ ಕುತೂಹಲ ಹುಟ್ಟಿಸುವುದು ಗೆದ್ದ ಮೂವರಲ್ಲ. ಒಂದು, ಜನರಲ್ ಕೌಲ್ ಅವರ ಹೆಸರು. 1962ರ ಚೀನಾ ಯುದ್ಧದ ಸೋಲಿನ ನಂತರ ಅವರು ಸೇನೆ ಬಿಟ್ಟಿದ್ದರು. ಹಾಗಿದ್ದೂ ಒಬ್ಬ ಸೇನಾನಿಯ ಹೆಸರು ಆ ಪಟ್ಟಿಯಲ್ಲಿ ಉಳಿದದ್ದು ಆ ಕಾಲದ ಅಂಜಿಕೆಯೊಂದನ್ನು ಹೇಳುತ್ತದೆ. ಪಕ್ಕದ ಪಾಕಿಸ್ತಾನದಲ್ಲಿ 1958ರಿಂದ ಸೇನಾಡಳಿತ ಬಂದಿತ್ತು. ನೆಹರೂ ಹೋದರೆ ಇಲ್ಲಿಯೂ ಹಾಗೇ ಆದೀತೇ ಎಂಬುದು ಆಗ ಹಲವರ ಆತಂಕ. ನಾವು ಇಂದು ಸಹಜವೆಂದುಕೊಂಡಿರುವ ನಮ್ಮ ಚುನಾವಣೆಗಳ ನಿರಂತರತೆ 1963ರಲ್ಲಿ ಸಹಜವಾಗಿರಲಿಲ್ಲ. ಕೌಲ್ ಕುರಿತ ಊಹೆ ಸುಳ್ಳಾಯಿತು, ಒಳ್ಳೆಯದಾಯಿತು. ಆದರೆ ಆ ಸುಳ್ಳಾದ ಊಹೆಯಿಲ್ಲದೆ ಆ ಕಾಲದ ಆತಂಕ ನಮಗೆ ಇಷ್ಟು ಸ್ಪಷ್ಟವಾಗಿ ಕಾಣುತ್ತಿರಲಿಲ್ಲ.

ಇನ್ನೊಂದು, ಎಂಟರಲ್ಲಿ ಕಾಮರಾಜ್ ಇಲ್ಲ. ಶಾಸ್ತ್ರಿಯವರನ್ನೂ ಆಮೇಲೆ ಇಂದಿರಾ ಅವರನ್ನೂ ಪ್ರಧಾನಿ ಮಾಡುವುದರಲ್ಲಿ ಮುಖ್ಯ ಪಾತ್ರ ವಹಿಸಿದವರು ಅವರು. 1963ರ ಅಕ್ಟೋಬರ್‌ನಲ್ಲಿ ತಿರುಪತಿಯಲ್ಲಿ ಕಾಮರಾಜ್, ಸಂಜೀವ ರೆಡ್ಡಿ, ಅತುಲ್ಯ ಘೋಷ್ ಮತ್ತು ನಮ್ಮ ಎಸ್. ನಿಜಲಿಂಗಪ್ಪ ಸೇರಿ ಮುಂದಿನ ನಾಯಕತ್ವದ ಮಾತಾಡಿದ್ದರು. ಪಟ್ಟಿ ಪಟ್ಟಕ್ಕೆ ಕೂರುವವರನ್ನು ಹುಡುಕುತ್ತಿತ್ತು. ಪಟ್ಟ ಕಟ್ಟುವವರು ಬೇರೆ ಊರಿನಲ್ಲಿ ಕೂತಿದ್ದರು. ಶಿಕಾಗೋದಲ್ಲಿ ಕುರ್ಚಿಗಳನ್ನು ಜೋಡಿಸಿದ ನಾರ್ಮನ್ ಜಡ್ ಮುಖವೂ ಹಾರ್ಪರ್ಸ್ ಚಿತ್ರದಲ್ಲಿ ಇರಲಿಲ್ಲವಲ್ಲ.

*

ಈಗ ನಾನು 2028ರ ಪಟ್ಟಿಗಳನ್ನು ಓದುತ್ತೇನೆ. ಯಾರು ಗೆಲ್ಲುತ್ತಾರೆಂದು ತಿಳಿಯಲು ಅಲ್ಲ. ಅವುಗಳ ಅಂಚಿನಲ್ಲಿ ಮೂರು ಪ್ರಶ್ನೆ ಬರೆದುಕೊಳ್ಳುತ್ತೇನೆ. ಈ ಪಟ್ಟಿ ಮಾಡಿದವರು ಯಾರು, ಯಾವ ಹೆಸರು ತೇಲಿಬಿಟ್ಟರೆ ಅವರಿಗೇನು ಲಾಭ? ಮುಂದಿನ ಚುನಾವಣೆ ಯಾವ ಪ್ರಶ್ನೆಯ ಮೇಲೆ ನಡೆಯುತ್ತದೆಂದು ಇವರು ಅಂದುಕೊಂಡಿದ್ದಾರೆ? ಇದರಲ್ಲಿ ಬರಲು ಸಾಧ್ಯವೇ ಇಲ್ಲದವರು ಯಾರು? ನಮ್ಮ ಊರಿನ 'ಮುಂದಿನ ಮುಖ್ಯಮಂತ್ರಿ ಯಾರು' ಚರ್ಚೆಗೂ ಈ ಪ್ರಶ್ನೆಗಳು ಹೊಂದುತ್ತವೆ. ಮೂರನೆಯದನ್ನು ಕೇಳುವುದು ಸ್ವಲ್ಪ ಕಷ್ಟ. ಇಲ್ಲದ ಹೆಸರು ಕಣ್ಣಿಗೆ ಬೀಳುವುದಿಲ್ಲ.

ಸೀವರ್ಡ್ ಏನಾದರು ಎಂದು ಹೇಳಿಬಿಡುತ್ತೇನೆ. ಸೋಲಿನ ನೋವು ಅವರಿಗೆ ಬಹಳ ದಿನ ಇತ್ತು. ಆದರೂ ಆ ಶರತ್ಕಾಲದಲ್ಲಿ ರಾಜ್ಯ ರಾಜ್ಯ ಸುತ್ತಿ ಲಿಂಕನ್ ಪರ ಪ್ರಚಾರ ಮಾಡಿದರು. ನವೆಂಬರ್ 6ರಂದು ಲಿಂಕನ್ ಸುಮಾರು ಶೇ 40ರಷ್ಟು ಮತ ಪಡೆದು ಗೆದ್ದರು. ಸೀವರ್ಡ್ ಅವರ ವಿದೇಶಾಂಗ ಕಾರ್ಯದರ್ಶಿಯಾದರು. ಅಂತರ್ಯುದ್ಧದ ನಾಲ್ಕು ವರ್ಷ ಪಕ್ಕದಲ್ಲಿ ನಿಂತರು. 1867ರಲ್ಲಿ ರಷ್ಯಾದಿಂದ ಅಲಾಸ್ಕಾವನ್ನು ಕೊಂಡ ಒಪ್ಪಂದ ಅವರದೇ. ಯಾರ ಊಹೆಯಲ್ಲೂ ಇಲ್ಲದ ಬಾಳು ಅದು.

ನನ್ನ ಕರಡಿನಲ್ಲಿ 'ಅನಿವಾರ್ಯವಾಗಿತ್ತು' ಎಂಬ ಪದವನ್ನು ತೆಗೆದುಹಾಕಿದೆ. ಅದರ ಜಾಗದಲ್ಲಿ ಆ ದಿನದ ಪತ್ರಿಕೆಗಳು ಏನಾಗಬಹುದೆಂದು ಬರೆದಿದ್ದವೋ ಅದನ್ನು ಸೇರಿಸಿದೆ. ಅಧ್ಯಾಯ ನಾಲ್ಕು ಪುಟ ಉದ್ದವಾಯಿತು. ಮಾರ್ಗದರ್ಶಕರು ಈ ಸಲ ಅಂಚಿನಲ್ಲಿ ಏನೂ ಬರೆಯಲಿಲ್ಲ.